ಆರೋಗ್ಯ ಚಿಂತನ: ಗೂಟಕ್ಕೆ ತೂಗಿದ ಚೀಲ

ಕಾಸರಗೋಡಿನ ನಮ್ಮ ಮನೆಗಳಲ್ಲಿ ಗೋಡೆಯ ಗೂಟಕ್ಕೆ ಬಟ್ಟೆಯ ಚೀಲವೊಂದು ತೂಗುತ್ತಿರುವುದನ್ನು ಓದುಗರು ಕಂಡಿರಬಹುದು. ಅದರೊಳಗಿರುವುದು ಮನೆಯ ಹಿರಿಯರ ಮಧುಮೇಹದ ಚರಿತ್ರೆ. ಮಂಗಳೂರಿನ ವೈದ್ಯರ ಚೀಟಿ, ಊರಿನ ಆರೋಗ್ಯ ಕೇಂದ್ರದ ಮಲೆಯಾಳ ಪುಸ್ತಕ, ಪ್ರಯೋಗಾಲಯದ ಮಾಸಿದ ಕಾಗದ, ಎಲ್ಲವೂ ಅಲ್ಲಿವೆ. ವೈದ್ಯರು ಕೇಳಿದ ಹೊತ್ತಿಗೆ ಬೇಕಾದ ಕಾಗದ ಮಾತ್ರ ಕೈಗೆ ಸಿಗದು.

ನಮ್ಮ ದೊಡ್ಡಮ್ಮನವರ ಚೀಲವೂ ಅಂಥದ್ದೇ. ಗಡಿಯಾಚೆಯ ವೈದ್ಯರೊಬ್ಬರು ಅವರಿಗೆ ಗ್ಲಿಮೆಪಿರೈಡ್ ಮಾತ್ರೆ ಬರೆದಿದ್ದರು. ಕೆಲವು ತಿಂಗಳ ಬಳಿಕ ಈಚೆಯ ಇನ್ನೊಬ್ಬರು ಅದೇ ಮದ್ದನ್ನು ಬೇರೊಂದು ಕಂಪೆನಿಯ ಹೆಸರಿನಲ್ಲಿ ಬರೆದರು. ಹೆಸರು ಬೇರೆಯಾದುದರಿಂದ ಮದ್ದೂ ಬೇರೆಯೆಂದೆಣಿಸಿ ಅವರು ಎರಡನ್ನೂ ನುಂಗತೊಡಗಿದರು. ಒಂದು ಮುಂಜಾನೆ ಮೈಯೆಲ್ಲ ಬೆವರಿತು, ಕೈ ನಡುಗಿತು, ಮಾತು ತೊದಲಿತು. ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿದಿತ್ತು. ಪ್ರಜ್ಞೆ ಇದ್ದುದರಿಂದ ಸಕ್ಕರೆ ನೀರು ಕುಡಿಸಿ ಆಸ್ಪತ್ರೆಗೆ ಒಯ್ದೆವು, ಉಳಿದರು. ವೈದ್ಯರಿಬ್ಬರೂ ತಿಳಿದವರೇ. ಒಬ್ಬರು ಬರೆದುದನ್ನು ಮತ್ತೊಬ್ಬರು ಕಂಡಿರಲಿಲ್ಲ, ಅಷ್ಟೆ.

ಮಧುಮೇಹವು ಬಹುಪಾಲು ಹೊರರೋಗಿ ವಿಭಾಗದ ಕಾಯಿಲೆ. ರೋಗಿ ಕೆಲವು ತಿಂಗಳಿಗೊಮ್ಮೆ ಬಂದು ಕೆಲವೇ ನಿಮಿಷ ವೈದ್ಯರೆದುರು ಕೂರುತ್ತಾನೆ. ಆ ನಿಮಿಷಗಳಲ್ಲಿ ತಿಳಿಯಬೇಕಾದುದು ಬಹಳ: ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ಸೂಚಿಸುವ ಎಚ್‌ಬಿಎ1ಸಿ, ರಕ್ತದೊತ್ತಡ, ಮೂತ್ರಪಿಂಡದ ಸ್ಥಿತಿ, ವರ್ಷಕ್ಕೊಮ್ಮೆಯ ಕಣ್ಣು ಮತ್ತು ಪಾದಗಳ ಪರೀಕ್ಷೆ. ಗಣಕಯಂತ್ರದಲ್ಲಿ ರೋಗಿಯ ದಾಖಲೆಯಿದ್ದರೆ ಇವೆಲ್ಲ ಒಂದೇ ಸಾಲಿನಲ್ಲಿ ಕಾಣುತ್ತವೆ. ಎಚ್‌ಬಿಎ1ಸಿ ಈಗ 8 ಎಂದಷ್ಟೇ ತಿಳಿದರೆ ಸಾಲದು. ಅದು 10ರಿಂದ ಇಳಿದು ಬಂದಿತೇ, 7ರಿಂದ ಏರಿ ಬಂದಿತೇ ಎಂಬುದರ ಮೇಲೆ ಚಿಕಿತ್ಸೆಯ ದಾರಿ ನಿಂತಿದೆ.

ಇದು ನಮ್ಮೆಲ್ಲರ ಮನೆಯ ಮಾತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆಂದು ಅಂದಾಜಿಸಿತು. ಅದರಲ್ಲಿ ಗೋವೆಯ ಪ್ರಮಾಣ ಶೇಕಡಾ 26.4, ಕೇರಳದ್ದು 25.5.

ಹಾಗೆಂದು ಯಂತ್ರವೊಂದೇ ರೋಗ ಕಳೆಯದು. ಭಾರತ ಮತ್ತು ಪಾಕಿಸ್ತಾನದ ಹತ್ತು ಚಿಕಿತ್ಸಾಲಯಗಳಲ್ಲಿ ನಡೆದ ಪ್ರಯೋಗವೊಂದರ ಫಲ 2016ರಲ್ಲಿ ಪ್ರಕಟವಾಯಿತು. ಅಲ್ಲಿ ವಿದ್ಯುನ್ಮಾನ ದಾಖಲೆಯ ಜೊತೆಗೆ ರೋಗಿಯನ್ನು ಬೆನ್ನುಹತ್ತಿ ವಿಚಾರಿಸುವ ಆರೈಕೆ ಸಂಯೋಜಕರೂ ಇದ್ದರು. ಸಕ್ಕರೆಯೊಡನೆ ರಕ್ತದೊತ್ತಡ ಅಥವಾ ಕೊಬ್ಬನ್ನೂ ಹತೋಟಿಗೆ ತಂದವರು ಆ ಗುಂಪಿನಲ್ಲಿ ಶೇಕಡಾ 18ರಷ್ಟಿದ್ದರೆ, ಎಂದಿನ ಚಿಕಿತ್ಸೆಯ ಗುಂಪಿನಲ್ಲಿ 8ರಷ್ಟು. ಆದರೆ ಕರ್ನಾಟಕ ಮತ್ತು ಹರಿಯಾಣದ 40 ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಮತ್ತೊಂದು ಪ್ರಯೋಗದಲ್ಲಿ, ದಾದಿಯರ ಕೈಗೆ ಇಂಥ ಗಣಕ ವ್ಯವಸ್ಥೆ ಕೊಟ್ಟ ಕೇಂದ್ರಗಳಿಗೂ, ಅದಿಲ್ಲದೆ ತರಬೇತಿ ಮುಂತಾದುವುಗಳಿಂದ ಸೇವೆಯನ್ನು ಬಲಪಡಿಸಿದ ಕೇಂದ್ರಗಳಿಗೂ ಫಲದಲ್ಲಿ ಅಂತರ ಕಾಣಲಿಲ್ಲ. ದಾಖಲೆಯನ್ನು ಓದುವ ಕಣ್ಣು, ಬಾರದವರನ್ನು ಕರೆಯುವ ದನಿ, ಎರಡೂ ಬೇಕು.

2021ರ ಸೆಪ್ಟೆಂಬರಿನಲ್ಲಿ ದೇಶವ್ಯಾಪಿಯಾಗಿ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ನಿನಡಿ ಪ್ರತಿಯೊಬ್ಬರೂ ಇಚ್ಛೆಯಿದ್ದಲ್ಲಿ 14 ಅಂಕಿಗಳ 'ಆಭಾ' ಸಂಖ್ಯೆ ಪಡೆಯಬಹುದು. ವ್ಯವಸ್ಥೆಗೆ ಸೇರಿದ ಆಸ್ಪತ್ರೆಗಳು, ರೋಗಿಯ ಒಪ್ಪಿಗೆಯಿದ್ದರೆ, ಅವನ ದಾಖಲೆಗಳನ್ನು ಪರಸ್ಪರ ನೋಡಬಹುದು. ಒಂದು ರಾಜ್ಯದಲ್ಲಿ ನೆಲೆಸಿ ಇನ್ನೊಂದರಲ್ಲಿ ಮದ್ದು ಪಡೆಯುವ ನಮ್ಮಂಥವರಿಗೆ ಇದರಿಂದಾಗುವ ಅನುಕೂಲ ಸಣ್ಣದಲ್ಲ. 2020ರಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ, ಮಂಗಳೂರನ್ನೇ ನಂಬಿದ್ದ ರೋಗಿಗಳು ಪಟ್ಟ ಪಾಡನ್ನು ಮರೆತವರಿಲ್ಲ. ವೈದ್ಯರು ಆಚೆ ಉಳಿದರೂ ದಾಖಲೆ ನಮ್ಮೊಡನಿರಬೇಕು.

ಆದರೆ ಎಲ್ಲ ಆಸ್ಪತ್ರೆಗಳೂ ಆ ವ್ಯವಸ್ಥೆಗೆ ಸೇರಿಲ್ಲ. ಆದ್ದರಿಂದ ಚೀಲವನ್ನು ಎಸೆಯಬೇಡಿ. ಅದರಲ್ಲಿರುವುದನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ, ಒಂದೊಂದರ ಚಿತ್ರ ತೆಗೆದು ಮೊಬೈಲಿನಲ್ಲಿಡಿ. ಮಾತ್ರೆಗಳ ಪಟ್ಟಿಯನ್ನು ಕಂಪೆನಿಯ ಹೆಸರಿನಿಂದಲ್ಲ, ಮದ್ದಿನ ಮೂಲ ಹೆಸರಿನಿಂದ ಬರೆದು ಪ್ರತಿ ವೈದ್ಯರ ಮುಂದೆಯೂ ಇರಿಸಿ. ದೊಡ್ಡಮ್ಮನವರ ಪಟ್ಟಿಯನ್ನು ಈಗ ಎಸ್‌ಎಸ್‌ಎಲ್‌ಸಿ ಓದುವ ಮೊಮ್ಮಗಳು ಬರೆದಿಡುತ್ತಾಳೆ. ಚೀಲ ಅದೇ ಗೂಟದಲ್ಲಿದೆ. ಕೈಹಾಕಿದರೆ ಬೇಕಾದ ಕಾಗದ ಸಿಗುತ್ತದೆ.