ಕಂಬಳಿ ಬಿಸಿ ಅಂದವಳನ್ನು ಕೂರಿಸಿದೆ

ಬೋಧನಾಭ್ಯಾಸದ ಮೊದಲ ವಾರ. ಏಳನೇ ತರಗತಿ, ಘಟಕ 'ಉಷ್ಣ'. ಪೀಠಿಕೆಗೆಂದು ನಾನು ಪಾಠಯೋಜನೆಯಲ್ಲಿ ಬರೆದುಕೊಂಡಿದ್ದ ಪ್ರಶ್ನೆ: "ಚಳಿಗಾಲದಲ್ಲಿ ಉಣ್ಣೆಯ ಬಟ್ಟೆ ಏಕೆ ಧರಿಸುತ್ತೇವೆ?" ನಿರೀಕ್ಷಿತ ಉತ್ತರ: "ಉಣ್ಣೆ ಉಷ್ಣದ ಅವಾಹಕ." ಮಧ್ಯದ ಸಾಲಿನ ಹುಡುಗಿಯೊಬ್ಬಳು ಎದ್ದು, "ಕಂಬಳಿ ಬಿಸಿ ಇರುತ್ತೆ ಮಿಸ್, ಅದಕ್ಕೆ" ಅಂದಳು. "ತಪ್ಪು, ಕೂತ್ಕೋ. ಬೇರೆ ಯಾರು ಹೇಳ್ತೀರಿ?" ಎಂದೆ. ಪಾಠ 40 ನಿಮಿಷಕ್ಕೆ ಸರಿಯಾಗಿ ಮುಗಿಯಿತು. ವೀಕ್ಷಣಾ ಪುಸ್ತಕದಲ್ಲಿ 'ಸಮಯ ಪಾಲನೆ ಉತ್ತಮ' ಎಂಬ ಷರಾ ಬಂತು. ಆ ಹುಡುಗಿ ಮುಂದಿನ ಐದು ಪಾಠಗಳಲ್ಲಿ ಬಾಯಿ ಬಿಡಲಿಲ್ಲ.

ಅವಳಿಗೆ ಮಾತು ಬರುವುದಿಲ್ಲವೆಂದಲ್ಲ. ಬಿಸಿಯೂಟದ ಸಾಲಿನಲ್ಲಿ ಅವಳದೇ ದೊಡ್ಡ ದನಿ. ಸ್ಟೀಲ್ ಲೋಟದ ನೀರು ಜಾಸ್ತಿ ತಣ್ಣಗೋ ಪ್ಲಾಸ್ಟಿಕ್ ಬಾಟಲಿಯದೋ ಎಂದು ನಲ್ಲಿಯ ಹತ್ತಿರ ಹತ್ತು ನಿಮಿಷ ವಾದ ಮಾಡಿದರು. ಅಲ್ಲಿ ಪ್ರತಿಯೊಬ್ಬರೂ "ನಂಗನ್ಸುತ್ತೆ" ಎಂದೇ ಶುರು ಮಾಡುತ್ತಿದ್ದರು. ತರಗತಿಯೊಳಗೆ ಆ ಪದ ನನಗೆ ಒಮ್ಮೆಯೂ ಕೇಳಿರಲಿಲ್ಲ.

ಸಂಜೆ ಬಸ್ಸಿನಲ್ಲಿ ನಾವು ಪ್ರಶಿಕ್ಷಣಾರ್ಥಿಗಳು ಮಾಡುವುದೂ ಅದನ್ನೇ. "ಆ ಶಾಲೆ ಮಕ್ಕಳು ಮಾತಾಡೋದೇ ಇಲ್ಲ", "ಹಿಂದಿನ ಬೆಂಚಿನವರಿಗೆ ಆಸಕ್ತಿ ಇಲ್ಲ". ಯಾರೂ ಸಾಕ್ಷ್ಯ ಕೇಳುವುದಿಲ್ಲ, ಎಲ್ಲರೂ ತಲೆಯಾಡಿಸುತ್ತೇವೆ. ನಾನೂ ಆಡಿಸಿದ್ದೆ. ಕಂಬಳಿ ಬಿಸಿ ಎನ್ನುವ ಮಾತಿಗಾದರೂ ಅನುಭವದ ಆಧಾರವಿದೆ, ಹೊದ್ದರೆ ಬೆಚ್ಚಗಾಗುವುದು ನಿಜ. ನಮ್ಮ ಬಸ್ಸಿನ ಮಾತಿಗೆ ಅಷ್ಟೂ ಇರಲಿಲ್ಲ.

ಮೂರನೇ ವಾರ ಪುನರಾವರ್ತನೆ ತರಗತಿ ಸಿಕ್ಕಿತು. ಅವಳ ಹೆಸರು ಹಿಡಿದೇ ಕೇಳಿದೆ: "ನೀನವತ್ತು ಕಂಬಳಿ ಬಿಸಿ ಅಂದ್ಯಲ್ಲ, ಹಾಗಾದ್ರೆ ಕಂಬಳಿಯಲ್ಲಿ ಸುತ್ತಿಟ್ಟ ಐಸ್ ಏನಾಗುತ್ತೆ?" "ಬೇಗ ಕರಗುತ್ತೆ." ಎಷ್ಟು ಜನ ಒಪ್ತೀರಿ ಎಂದೆ. ನಾಲ್ವರನ್ನು ಬಿಟ್ಟು ಎಲ್ಲ ಕೈಗಳೂ ಮೇಲೆ. ಒಂದು ಐಸ್ ತುಂಡನ್ನು ಕಂಬಳಿಯ ಚೂರಿನಲ್ಲಿ ಸುತ್ತಿದೆವು, ಇನ್ನೊಂದನ್ನು ಸ್ಟೀಲ್ ತಟ್ಟೆಯಲ್ಲಿ ಬಿಟ್ಟೆವು. ಕಾಯುವಾಗ ಥರ್ಮಾಮೀಟರನ್ನು ಮಡಿಸಿದ ಇನ್ನೊಂದು ಕಂಬಳಿಯೊಳಗೂ ಮೇಜಿನ ಮೇಲೂ ಇಟ್ಟು ನೋಡಿದರು. ಎರಡೂ ಕಡೆ ಒಂದೇ ಅಂಕಿ. ಗಲಾಟೆಯೋ ಗಲಾಟೆ. ತಟ್ಟೆಯ ಐಸ್ ನೀರಾದಾಗ ಕಂಬಳಿಯದು ಇನ್ನೂ ಗಟ್ಟಿಯಿತ್ತು. ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ ಹೊರಗಿನ ಶಾಖವನ್ನು ಒಳಗೆ ಬಿಡದೆ ತಡೆಯುತ್ತದೆ, ನಾವು ಹೊದ್ದಾಗ ನಮ್ಮದೇ ಮೈಶಾಖವನ್ನು ಹೊರಗೆ ಬಿಡದೆ ತಡೆಯುತ್ತದೆ ಎಂದು ವಿವರಿಸಲು ಹೊರಟೆ. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ, "ಮಿಸ್, ತಟ್ಟೇಲಿದ್ದ ಐಸ್ ಚಿಕ್ಕದಿತ್ತು!"

ನಿಜವಿತ್ತು. ನಾನು ಅಳೆದಿರಲಿಲ್ಲ. ನನ್ನ ಐದು ವಾರಗಳ ಬೋಧನಾಭ್ಯಾಸದಲ್ಲಿ ಯಾವ ವಿದ್ಯಾರ್ಥಿಯೂ ಆಡಿದ ಅತ್ಯಂತ ವೈಜ್ಞಾನಿಕ ಮಾತು ಅದು. ಮರುದಿನ ಒಂದೇ ಅಚ್ಚಿನ ತುಂಡುಗಳನ್ನು ತಂದು ಎರಡನ್ನೂ ಸ್ಟೀಲ್ ತಟ್ಟೆಗಳಲ್ಲೇ ಇಟ್ಟು, ಒಂದನ್ನು ಮಾತ್ರ ಸುತ್ತಿ ಮತ್ತೆ ಮಾಡಿದೆವು. ಫಲಿತಾಂಶ ಬದಲಾಗಲಿಲ್ಲ, ಆದರೆ ಈ ಸಲ ಅವನು ಒಪ್ಪಿದ. ಆ ಪಾಠಕ್ಕೆ ಬಂದ ಷರಾ: 'ಶಿಸ್ತು ಸಾಲದು, ಪಾಠ ಅಪೂರ್ಣ.' ಎರಡೂ ಸರಿಯೇ.

ಎಲ್ಲ ಅಭಿಪ್ರಾಯಕ್ಕೂ ಸಮಾನ ಬೆಲೆ ಕೊಡಬೇಕೆಂದು ನಾನು ಹೇಳುತ್ತಿಲ್ಲ. ಕೈ ಎತ್ತಿದವರ ಲೆಕ್ಕದಲ್ಲಿ ಅವತ್ತು ತಪ್ಪೇ ಗೆದ್ದಿತ್ತು. 40 ನಿಮಿಷದಲ್ಲಿ ಪ್ರತಿ ಘಟಕಕ್ಕೂ ಹೀಗೆ ಮಾಡಲಾಗದು ಎನ್ನುವ ಮಾರ್ಗದರ್ಶಕ ಶಿಕ್ಷಕರ ಮಾತನ್ನೂ ಒಪ್ಪುತ್ತೇನೆ, ಪಠ್ಯ ಮುಗಿಸುವ ಹೊಣೆ ಅವರ ಮೇಲಿದೆ. ಆದರೆ ಜ್ಞಾನವನ್ನು ಶಾಲೆಯ ಹೊರಗಿನ ಬದುಕಿನೊಂದಿಗೆ ಜೋಡಿಸಬೇಕು ಎಂಬ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ತತ್ವವನ್ನು ನಾವು ಪರೀಕ್ಷೆಗೆ ಬಾಯಿಪಾಠ ಮಾಡಿ, ಪಾಠಯೋಜನೆಯಲ್ಲಿ ಮಾತ್ರ 'ನಿರೀಕ್ಷಿತ ಉತ್ತರ' ಎಂಬ ಒಂದೇ ಅಂಕಣ ಇಟ್ಟುಕೊಂಡರೆ ಹೇಗೆ? ಪೂರ್ವಜ್ಞಾನ ಪರೀಕ್ಷೆ ಎನ್ನುತ್ತೇವೆ, ಪರೀಕ್ಷಿಸುವುದು ಹಿಂದಿನ ತರಗತಿಯ ಪಠ್ಯವನ್ನು. ನಲ್ಲಿಯ ಹತ್ತಿರದ ಜ್ಞಾನ ಅದರಲ್ಲಿ ಬರುವುದೇ ಇಲ್ಲ.

ಮುಂದಿನ ಸುತ್ತಿನ ಯೋಜನೆಗಳಲ್ಲಿ ಆ ಅಂಕಣದ ಪಕ್ಕ ಸ್ಕೇಲಿನಿಂದ ಇನ್ನೊಂದು ಗೆರೆ ಎಳೆದಿದ್ದೇನೆ. ಅದಕ್ಕೆ 'ಮಕ್ಕಳಿಗೆ ಏನನ್ನಿಸುತ್ತದೆ' ಎಂದು ಹೆಸರಿಟ್ಟಿದ್ದೇನೆ. ನಮೂನೆಯಲ್ಲಿಲ್ಲದ್ದಕ್ಕೆ ಅಂಕ ಕಳೆಯುತ್ತಾರೋ ಏನೋ, ಅಧ್ಯಾಪಕರನ್ನು ಇನ್ನೂ ಕೇಳಿಲ್ಲ.