ಯಂತ್ರದ ಕಿವಿಯೂ ರೋಗಿಯ ‘ಇಲ್ಲ’ವೂ

ವೈದ್ಯರ ಮಾತನ್ನೂ ರೋಗಿಯ ಮಾತನ್ನೂ ಕೇಳಿಸಿಕೊಂಡು ತಾವೇ ಬರೆದಿಡುವ ತಂತ್ರಾಂಶಗಳು ಇಂದು ಬಳಕೆಗೆ ಬಂದಿವೆ. ದಿನಕ್ಕೆ ಹತ್ತಾರು ರೋಗಿಗಳನ್ನು ನೋಡುವ ವೈದ್ಯರ ಬರವಣಿಗೆಯ ಹೊರೆ ಇವುಗಳಿಂದ ಇಳಿಯುವುದಾದರೆ ಬೇಡವೆನ್ನುವವರು ಯಾರು? 1952ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯ ‘ಆಡ್ರಿ’ ಎಂಬ ಯಂತ್ರ ಕೇವಲ ಅಂಕೆಗಳನ್ನು ಗುರುತಿಸುತ್ತಿತ್ತು. ಅಲ್ಲಿಂದ ನಾವು ಬಹುದೂರ ಬಂದಿದ್ದೇವೆ. ಆದರೆ ಈ ತಂತ್ರಾಂಶಗಳ ನಿಖರತೆಯನ್ನು ಅಳೆಯುವ ಕೋಲೇ ಸರಿಯಿಲ್ಲವೆಂದು ನನ್ನ ಭಾವನೆ.

ಅಳೆಯುವ ಕ್ರಮ ಸರಳವಾದುದು. ತಪ್ಪಾಗಿ ಕೇಳಿದ ಪದ, ಬಿಟ್ಟುಹೋದ ಪದ, ಇಲ್ಲದೆಯೇ ಸೇರಿಕೊಂಡ ಪದ, ಈ ಮೂರನ್ನೂ ಕೂಡಿಸಿ, ಆಡಿದ ಪದಗಳ ಒಟ್ಟು ಸಂಖ್ಯೆಯಿಂದ ಭಾಗಿಸುತ್ತಾರೆ. ಈ ಲೆಕ್ಕದಲ್ಲಿ ಎಲ್ಲ ಪದಗಳೂ ಸಮಾನ. ರೋಗಿಯ ‘ಅಂದರೆ’ ಬಿಟ್ಟುಹೋದರೂ ಒಂದು ತಪ್ಪು. ‘ಇಲ್ಲ’ ಬಿಟ್ಟುಹೋದರೂ ಒಂದೇ ತಪ್ಪು. ಮೊದಲನೆಯದರಿಂದ ಯಾರಿಗೂ ನಷ್ಟವಿಲ್ಲ. ಎರಡನೆಯದರಿಂದ ಪ್ರಾಣಕ್ಕೇ ಕುತ್ತು ಬಂದೀತು.

ಕನ್ನಡದಲ್ಲಿ ಈ ಅಪಾಯ ಇನ್ನೂ ಹೆಚ್ಚು. ನಮ್ಮ ನುಡಿಯಲ್ಲಿ ನಿಷೇಧವು ಸಾಮಾನ್ಯವಾಗಿ ವಾಕ್ಯದ ತುದಿಯಲ್ಲಿ, ಅದೂ ಕ್ರಿಯಾಪದಕ್ಕೆ ಅಂಟಿಕೊಂಡು ಬರುತ್ತದೆ. ‘ಎದೆನೋವು ಬರುತ್ತೆ’, ‘ಎದೆನೋವು ಬರಲ್ಲ’. ‘ಮಾತ್ರೆ ನುಂಗಿದೀನಿ’, ‘ಮಾತ್ರೆ ನುಂಗಿಲ್ಲ’. ಇವುಗಳ ನಡುವೆ ಇರುವ ಅಂತರ ಒಂದೆರಡು ಅಕ್ಷರ ಮಾತ್ರ. ಮಾತಿನ ಕೊನೆಗೆ ದನಿ ತಗ್ಗುವುದು ಸಹಜ. ನಿತ್ರಾಣಗೊಂಡ ರೋಗಿಯ ದನಿಯಂತೂ ಹೇಳಬೇಕಾದುದಿಲ್ಲ. ವೈದ್ಯರಿಗೆ ಅತ್ಯಗತ್ಯವಾದ ಅಕ್ಷರವೇ ಅತ್ಯಂತ ಕ್ಷೀಣವಾಗಿ ಹೊರಡುತ್ತದೆ.

ನಾನು ವಾಸಿಸುವ ಯಲಹಂಕದಂಥ ಊರಿನಲ್ಲಿ ಯಂತ್ರದ ಪಾಡು ಹೇಗಿದ್ದೀತು? 1984ರಲ್ಲಿ ಆರಂಭವಾದ ರೈಲು ಗಾಲಿ ಕಾರ್ಖಾನೆ, ವಾಯುಪಡೆಯ ನೆಲೆ, ಇತ್ತೀಚಿನ ಬಡಾವಣೆಗಳು, ಇವೆಲ್ಲ ನಾನಾ ಪ್ರಾಂತಗಳ ಜನರನ್ನು ಇಲ್ಲಿಗೆ ತಂದಿವೆ. ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ಹಳ್ಳಿಗನ್ನಡ, ಅದರೊಳಗೆ ಬೆರೆತ ತೆಲುಗು, ಉರ್ದು, ಜೊತೆಗೆ ‘ಶುಗರ್ರು’, ‘ಗ್ಯಾಸು’, ‘ಬೀಪಿ’. ಸಾಲದೆಂಬಂತೆ ತಲೆಯ ಮೇಲೆ ವಿಮಾನದ ಸದ್ದು. ‘ಸಂಕಟ’ವೆಂದರೆ ಒಬ್ಬರಿಗೆ ವಾಕರಿಕೆ, ಮತ್ತೊಬ್ಬರಿಗೆ ಎದೆಯ ತಳಮಳ, ಇನ್ನೊಬ್ಬರಿಗೆ ಮನಸ್ಸಿನ ದುಃಖ. ಪದವನ್ನು ಸರಿಯಾಗಿ ಬರೆದುಕೊಂಡ ಮಾತ್ರಕ್ಕೆ ಅರ್ಥ ಕೈಗೆ ಸಿಕ್ಕಿತೆಂದಲ್ಲ.

ಈ ಕೊರತೆಯನ್ನು ನೀಗುವ ಯತ್ನ ನಮ್ಮ ಸಮೀಪದಲ್ಲೇ ನಡೆದಿದೆ. ಯಶವಂತಪುರದ ನೆರೆಯಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯು ಗೂಗಲ್‌ನ ನೆರವಿನೊಡನೆ, ದೇಶದ 773 ಜಿಲ್ಲೆಗಳಿಂದ ಒಂದೂವರೆ ಲಕ್ಷ ಗಂಟೆಗಳ ಮಾತನ್ನು ಸಂಗ್ರಹಿಸುವ ‘ವಾಣಿ’ ಯೋಜನೆಯನ್ನು 2022ರಲ್ಲಿ ಕೈಗೊಂಡಿತು. ಶ್ಲಾಘ್ಯವಾದ ಕಾರ್ಯ. ಆದರೆ ಅಲ್ಲಿ ಜನರಿಗೆ ಚಿತ್ರ ತೋರಿಸಿ, ಅದನ್ನು ಕುರಿತು ಮಾತನಾಡಿಸುತ್ತಾರೆ. ಚಿತ್ರವನ್ನು ಬಣ್ಣಿಸುವ ದನಿ ಬೇರೆ. ತನ್ನ ನೋವನ್ನು ಹೇಳಿಕೊಳ್ಳುವ ದನಿ ಬೇರೆ.

ವೈದ್ಯರ ಮಾತಿನಲ್ಲಿಯೂ ತೊಡಕುಗಳಿವೆ. ಹೈಡ್ರಾಲಜೀನ್ ರಕ್ತದೊತ್ತಡದ ಔಷಧ. ಹೈಡ್ರಾಕ್ಸಿಜೀನ್ ತುರಿಕೆಗೆ ಕೊಡುವುದು. ಅವಸರದಲ್ಲಿ ಆಡಿದ ‘ಫಿಫ್ಟೀನ್’ ‘ಫಿಫ್ಟಿ’ಯಾಗಿ ಕೇಳಿಸೀತು. ಔಷಧಗಳ ಹೆಸರಿನ ಪಟ್ಟಿಯನ್ನು ಯಂತ್ರಕ್ಕೆ ಕಲಿಸಿದರೆ ಇಂಥ ತಪ್ಪುಗಳು ತಗ್ಗುತ್ತವೆ, ಪೂರ್ಣವಾಗಿ ಇಲ್ಲವಾಗುವುದಿಲ್ಲ.

ಹಾಗಾದರೆ ನಿಖರತೆ ಬರುವುದು ಎಲ್ಲಿಂದ? ಅಮೆರಿಕದಲ್ಲಿ 217 ವೈದ್ಯಕೀಯ ಟಿಪ್ಪಣಿಗಳನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಉತ್ತರ ಕೊಡುತ್ತದೆ. ಯಂತ್ರ ಬರೆದುದರಲ್ಲಿ ತಪ್ಪು ಶೇಕಡಾ 7.4, ನುರಿತ ಲಿಪಿಕಾರರು ತಿದ್ದಿದ ಮೇಲೆ 0.4, ವೈದ್ಯರು ಸಹಿ ಹಾಕುವ ವೇಳೆಗೆ 0.3. ಇಂಥ ಲಿಪಿಕಾರರು ನಮಗೆ ಅಪರಿಚಿತರಲ್ಲ. 1990ರ ದಶಕದ ಕೊನೆಯಿಂದ ಇದೇ ಬೆಂಗಳೂರಿನಲ್ಲಿ ಎಷ್ಟೋ ತರುಣ ತರುಣಿಯರು ಅಮೆರಿಕದ ವೈದ್ಯರ ಧ್ವನಿಮುದ್ರಣಗಳನ್ನು ಆಲಿಸಿ, ಬರೆದು, ಅದರಿಂದಲೇ ಜೀವನ ಸಾಗಿಸಿದರು. ಯಂತ್ರ ಸುಧಾರಿಸಿತೆಂದು ಆ ತಿದ್ದುವ ಕಿವಿಯನ್ನು ಕಳೆದುಕೊಂಡರೆ, ಉಳಿತಾಯ ಆಸ್ಪತ್ರೆಗೆ, ನಷ್ಟ ರೋಗಿಗೆ. ‘ವಿಸ್ಪರ್’ ಎಂಬ ಪ್ರಸಿದ್ಧ ತಂತ್ರಾಂಶ ಯಾರೂ ಆಡದ ವಾಕ್ಯಗಳನ್ನೇ ಕೆಲವೊಮ್ಮೆ ಕಟ್ಟಿ ಬರೆಯುವುದನ್ನು 2024ರಲ್ಲಿ ಸಂಶೋಧಕರು ತೋರಿಸಿಕೊಟ್ಟರು. ಸುಳ್ಳು ವಾಕ್ಯವೂ ವ್ಯಾಕರಣಶುದ್ಧವಾಗಿದ್ದರೆ, ಓದುವ ಕಣ್ಣು ಅದರ ಮೇಲೆ ನಿಲ್ಲುವುದೇ ಇಲ್ಲ.

ಆದುದರಿಂದ ತಂತ್ರಾಂಶವನ್ನು ಕೊಳ್ಳುವ ಆಸ್ಪತ್ರೆಯು ಒಟ್ಟು ನಿಖರತೆಯ ಅಂಕಿಗೆ ತೃಪ್ತಿಪಡದೆ, ನಿಷೇಧದಲ್ಲಿ ಎಷ್ಟು ತಪ್ಪು, ಔಷಧದ ಹೆಸರು ಹಾಗೂ ಪ್ರಮಾಣದಲ್ಲಿ ಎಷ್ಟು, ಎಡ ಬಲಗಳಲ್ಲಿ ಎಷ್ಟು ಎಂದು ಬಿಡಿಬಿಡಿಯಾಗಿ ಕೇಳಬೇಕು. ಪರೀಕ್ಷೆಯು ಆಯಾ ಊರಿನ ರೋಗಿಗಳ ಮಾತಿನಲ್ಲಿ, ಅವರ ಒಪ್ಪಿಗೆ ಪಡೆದು, ನಡೆಯಬೇಕು. ಯಂತ್ರವು ತನಗೆ ಸಂದೇಹವಿರುವ ಪದವನ್ನು ಮುಚ್ಚಿಡದೆ ಗುರುತು ಹಾಕಿ ತೋರಿಸಬೇಕು. ಕಡೆಯದಾಗಿ, ಬರೆದುದನ್ನು ರೋಗಿಗೆ ಅವನ ಭಾಷೆಯಲ್ಲಿ ಒಮ್ಮೆ ಓದಿ ಹೇಳಬೇಕು. ಎಲ್ಲ ತಪ್ಪೂ ಅವನಿಗೆ ತಿಳಿಯದಿದ್ದರೂ, ತಾನು ಆಡಿದ ‘ಇಲ್ಲ’ ಎಲ್ಲಿ ಹೋಯಿತೆಂಬುದು ತಿಳಿಯುತ್ತದೆ.

ಅಷ್ಟು ಹೊತ್ತೆಲ್ಲಿದೆ ಎಂದು ವೈದ್ಯರು ಕೇಳಬಹುದು. ಯಂತ್ರ ಉಳಿಸಿಕೊಟ್ಟ ಹೊತ್ತಿನಲ್ಲಿ ಒಂದು ಪಾಲು ರೋಗಿಗೆ ಸಲ್ಲಲಿ ಎಂಬುದೇ ನನ್ನ ಉತ್ತರ.