ಬಾಣಂತಿಗೆ ಅಂಟಿನುಂಡಿ, ಆಮೇಲೆ ಕತ್ತರಿ

ಈ ವಿಷಯ ಬರೆಯುತ್ತೇವೆಂದು ಹೇಳಿದಾಗ ನಮ್ಮ ಸಂಗಾತಿಗಳಲ್ಲಿಯೇ ಇಬ್ಬರು ಮುಖ ಕೆಳಗೆ ಹಾಕಿದರು. "ಇದು ಪಕ್ಷದ ಪತ್ರಿಕೆ, ದವಾಖಾನೆಯ ಚೀಟಿಯಲ್ಲ" ಎಂದರು ಒಬ್ಬರು. "ಮನೆಯಲ್ಲಿ ಹೆಣ್ಣುಮಕ್ಕಳು ಓದುತ್ತಾರೆ" ಎಂದರು ಇನ್ನೊಬ್ಬರು. ಹೆಣ್ಣುಮಕ್ಕಳು ಓದುತ್ತಾರೆಂದೇ ಬರೆಯುತ್ತಿದ್ದೇವೆ. ಗಂಡಸರು ಓದಲಿ ಎಂಬದು ನಮ್ಮ ಹೆಚ್ಚಿನ ಆಸೆ.

ಕಳೆದ ವರುಷ ಕೂಲಿಯ ಪ್ರಶ್ನೆಗಾಗಿ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಕಾಲ್ನಡಿಗೆಯ ಮೆರವಣಿಗೆ ಹೊರಡಿಸಿದ್ದೆವು. ಇಪ್ಪತ್ತು ಕಿಲೋಮೀಟರಿನ ದಾರಿ. ಕುಂದಗೋಳ ಕಡೆಯ ಒಬ್ಬ ಹೆಣ್ಣುಮಗಳು, ಘೋಷಣೆ ಕೂಗುವದರಲ್ಲಿ ಎಲ್ಲರಿಗಿಂತ ಮುಂದಿದ್ದವಳು, ಉಣಕಲ್ಲ ಕೆರೆ ದಾಟುವದರೊಳಗೆ ರಸ್ತೆಯ ಬದಿಗೆ ಕುಳಿತುಬಿಟ್ಟಳು. ನಾವು ಹೋಗಿ, "ಹೊಲದಾಗ ದಿನಾ ಎಂಟು ತಾಸು ನಿಂತು ದುಡೀತೀರಿ, ನಿಮ್ಮ ಹಕ್ಕಿಗಾಗಿ ಇಷ್ಟು ನಡಿಯಾಕ ಆಗೂದಿಲ್ಲೇನು?" ಎಂದು ನಾಲ್ಕು ಜನರ ಎದುರಿಗೆ ಕೇಳಿದೆವು. ಆಕೆ ಉತ್ತರ ಕೊಡಲಿಲ್ಲ. ಚಿಗರಿ ಬಸ್ಸು ಹತ್ತಿ ಹಿಂದಕ್ಕೆ ಹೋದಳು.

ಹದಿನೈದು ದಿನಗಳ ಮೇಲೆ, ನಮ್ಮ ಮಹಿಳಾ ಕಾರ್ಯಕರ್ತೆಯರ ಬಾಯಿಂದ ಸಂಗತಿ ತಿಳಿಯಿತು. ಎರಡನೆಯ ಹೆರಿಗೆಯಾದ ಇಪ್ಪತ್ತೆರಡನೆಯ ದಿನಕ್ಕೆ ಆಕೆ ಮೆಣಸಿನಕಾಯಿ ಬಿಡಿಸಲು ಹೋಗಿದ್ದಳು. ಬಿಡಿಸಿದ್ದನ್ನು ಚೀಲ ತುಂಬಿ ತಲೆಯ ಮೇಲೆ ಹೊತ್ತಿದ್ದಳು. ಆರು ವರುಷಗಳಿಂದ ಗರ್ಭಚೀಲ ಕೆಳಗೆ ಜಾರಿದೆ. ಮಲಗಿದರೆ ಒಳಗೆ, ನಿಂತರೆ ಹೊರಗೆ. ಕೆಮ್ಮಿದರೆ, ನಕ್ಕರೆ ಮೂತ್ರ ಹನಿಯುತ್ತದೆ. ಹಳೆಯ ಸೀರೆಯ ತುಂಡನ್ನು ಮಡಿಚಿ ಕಟ್ಟಿಕೊಂಡು ಆಕೆ ನಮ್ಮ ಮೆರವಣಿಗೆಗೆ ಬಂದಿದ್ದಳು. ಒಂದು ದವಾಖಾನೆಗೆ ಹೋದಾಗ ಪರದೆಯ ಹಿಂದೆ ಎರಡು ನಿಮಿಷ ನೋಡಿ, "ಚೀಲ ತೆಗೆಸಿಬಿಡು, ಇಲ್ಲದಿದ್ದರೆ ಕ್ಯಾನ್ಸರ ಆಗುತ್ತದೆ" ಎಂದು ಹೇಳಿ ದುಡ್ಡಿನ ಲೆಕ್ಕ ಕೊಟ್ಟು ಕಳಿಸಿದರಂತೆ. ಆಕೆಗೆ ಮೂವತ್ತೊಂದು ವಯಸ್ಸು.

ನಾವು ಡಾಕ್ಟರರಲ್ಲ, ಮೆಟ್ರಿಕ್ ಕಲಿತವರು. ಪಕ್ಷದ ಕೆಲಸಕ್ಕೆ ಬರುವ ಮುಂಚೆ ಶಾಲೆಯಲ್ಲಿ ಪಾಠ ಹೇಳಿದವರು. ಒಂದು ತಪ್ಪನ್ನು ಇಲ್ಲಿಯೇ ಒಪ್ಪಿಕೊಳ್ಳುತ್ತೇವೆ. ವಿಜ್ಞಾನದ ಪುಸ್ತಕದಲ್ಲಿ ಹೃದಯ ಬಂದಾಗ ಹಲಗೆಯ ಮೇಲೆ ಚಿತ್ರ ಬರೆದೆವು, ಜಠರ ಬಂದಾಗ ಬಣ್ಣದ ಸುಣ್ಣಕಡ್ಡಿ ಹಿಡಿದೆವು. ಸಂತಾನೋತ್ಪತ್ತಿಯ ಪಾಠ ಬಂದಾಗ, "ಇದನ್ನು ಮನೆಯಲ್ಲಿ ಓದಿಕೊಳ್ಳಿರಿ" ಎಂದು ಹಾಳೆ ತಿರುವಿದೆವು. ಹುಡುಗರು ಕಿಸಕ್ಕೆಂದರು, ಹುಡುಗಿಯರು ತಲೆ ತಗ್ಗಿಸಿದರು. ಉಣಕಲ್ಲಿನ ಹತ್ತಿರ ಕುಳಿತವಳು ನಮ್ಮ ವಿದ್ಯಾರ್ಥಿನಿಯಲ್ಲ. ಆದರೆ ಆಕೆಯಂಥ ಎಷ್ಟು ಜನರಿಗೆ ನಾವು ಆ ಹಾಳೆಯನ್ನು ತಪ್ಪಿಸಿದ್ದೇವೆಯೋ!

ಆ ಹಾಳೆಯನ್ನು ಈಗ ಓದೋಣ. ಟೊಂಕದ ಎಲುಬು ತಳವಿಲ್ಲದ ಬೋಗುಣಿಯ ಹಾಗೆ ಇದೆ. ತಳದ ಜಾಗದಲ್ಲಿ ಸ್ನಾಯುಗಳು ಜೋಳಿಗೆಯಂತೆ ಕಟ್ಟಿಕೊಂಡಿವೆ. ಮೂತ್ರಚೀಲ, ಗರ್ಭಚೀಲ, ಮಲದ ಕರುಳು ಈ ಮೂರರ ಭಾರವನ್ನೂ ಆ ಜೋಳಿಗೆ ತಾಳುತ್ತದೆ. ಹೆರಿಗೆಯಲ್ಲಿ ಅದು ಹಿಗ್ಗುತ್ತದೆ, ಕೆಲವೊಮ್ಮೆ ಹರಿಯುತ್ತದೆ. ಸಮಯ ಕೊಟ್ಟರೆ, ಅನ್ನ ಕೊಟ್ಟರೆ, ಬಹುಮಟ್ಟಿಗೆ ಮತ್ತೆ ಬಿಗಿದುಕೊಳ್ಳುತ್ತದೆ. ಬಿಗಿದುಕೊಳ್ಳುವ ಮುಂಚೆ ತಲೆಯ ಮೇಲೆ ಚೀಲ ಹೊರಿಸಿದರೆ ಸಡಿಲಾಗಿಯೇ ಉಳಿಯುತ್ತದೆ. ಚಿಕ್ಕ ವಯಸ್ಸಿನ ಹೆರಿಗೆ, ಮೇಲಿಂದ ಮೇಲೆ ಬಸಿರು, ಒಲೆಯ ಹೊಗೆಯ ಕೆಮ್ಮು, ಮಲಬದ್ಧತೆ ಇವೆಲ್ಲ ಆ ಜೋಳಿಗೆಯನ್ನು ಕೆಳಗೆ ಜಗ್ಗುತ್ತವೆ. ರಾಷ್ಟ್ರೀಯ ಕುಟುಂಬ ಆರೋಗ್ಯದ ಐದನೆಯ ಸಮೀಕ್ಷೆಯಲ್ಲಿ (2019-21) ಕರ್ನಾಟಕದ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 21 ಜನರ ಲಗ್ನ 18 ತುಂಬುವ ಮುಂಚೆ ಆಗಿತ್ತು. ಎಲುಬು ಬಲಿಯುವ ಮೊದಲೇ ಬಸಿರು.

ನಮ್ಮ ನಾಡಿನಲ್ಲಿ ಬಾಣಂತನ ಇಲ್ಲವೇ ಎಂದು ಕೇಳುವವರಿದ್ದಾರೆ. ಇದೆ. ಅಂಟಿನುಂಡಿ, ಬೆಳ್ಳುಳ್ಳಿ, ಸಬ್ಬಸಗಿ ಪಲ್ಲೆ, ಹೊರಸಿನ ಕೆಳಗೆ ಕೆಂಡ, ಎಣ್ಣೆ ಹಚ್ಚಿ ಬಿಸಿನೀರು, ಹೊಟ್ಟೆಗೆ ಬಟ್ಟೆ. ಬಟ್ಟೆಯನ್ನು ತೀರ ಬಿಗಿದರೆ ಒತ್ತಡ ಕೆಳಗೇ ಹೋಗುತ್ತದೆಂದು ಬಲ್ಲ ವೈದ್ಯರು ಎಚ್ಚರಿಸುವದುಂಟು. ಅದಿರಲಿ, ಅಜ್ಜಿಯರ ಈ ಶಾಸ್ತ್ರದಲ್ಲಿ ಎಲ್ಲಕ್ಕಿಂತ ದೊಡ್ಡ ಔಷಧ ಉಂಡಿಯಲ್ಲ, ವಿಶ್ರಾಂತಿ. ತವರಿಗೆ ಕಳಿಸುವದರ ಅರ್ಥವೇ ಅದು. ಅತ್ತೆಯ ಮನೆಯ ಕೊಡ, ಬೀಸುವ ಕಲ್ಲು, ಗಂಡನ ಹಾಸಿಗೆ ಈ ಮೂರರಿಂದಲೂ ಕೆಲವು ತಿಂಗಳು ಬಿಡುಗಡೆ. ಆದರೆ ತವರೂ ಕೂಲಿಯ ಮನೆಯಾದರೆ? ತೊಗಲಿನಂತೆ ಬಾಣಂತನಕ್ಕೂ ಜಾತಿ ಇದೆ, ವರ್ಗ ಇದೆ. ಸಾವಕಾರರ ಸೊಸೆಗೆ ಐದು ತಿಂಗಳು, ಕೂಲಿಯವಳಿಗೆ ಇಪ್ಪತ್ತೆರಡು ದಿನ.

ಕಾನೂನು ಏನು ಹೇಳುತ್ತದೆ? 1961ರ ಹೆರಿಗೆ ಸೌಲಭ್ಯದ ಕಾಯದೆಗೆ 2017ರಲ್ಲಿ ತಿದ್ದುಪಡಿ ಮಾಡಿ ಮೊದಲಿನ ಎರಡು ಮಕ್ಕಳಿಗೆ 26 ವಾರಗಳ ಪಗಾರಿನ ರಜೆ ಎಂದರು. ಸಂತೋಷ. ಆದರೆ ಹೊಲದ ಬದುವಿಗೆ ಹಾಜರಿ ಪುಸ್ತಕವಿಲ್ಲ. ಕಟ್ಟಡದ ಇಟ್ಟಿಗೆ ಹೊರುವವಳಿಗೆ, ನಾಲ್ಕು ಮನೆಯ ಮುಸುರೆ ತಿಕ್ಕುವವಳಿಗೆ ಈ ರಜೆ ಕೊಡುವ ಧಣಿ ಯಾರು? 2013ರ ಆಹಾರ ಭದ್ರತಾ ಕಾಯದೆ ಪ್ರತಿಯೊಬ್ಬ ಬಸುರಿಗೆ 6,000 ರೂಪಾಯಿಗೆ ಕಡಿಮೆಯಿಲ್ಲದ ನೆರವು ಎಂದು ಬರೆಯಿತು. 2017ರಲ್ಲಿ ಮಾತೃವಂದನಾ ಯೋಜನೆ ಬಂದಾಗ ಅದು ಮೊದಲನೆಯ ಕೂಸಿಗೆ ಮಾತ್ರ, ಅದೂ 5,000 ಎಂದಾಯಿತು. 2022ರಿಂದ ಎರಡನೆಯದಕ್ಕೂ ಕೊಡುತ್ತಾರೆ, ಅದು ಹೆಣ್ಣಾದರೆ! ಹೆಣ್ಣುಕೂಸಿಗೆ ಮರ್ಯಾದೆ ಬರಲಿ ಎಂಬದು ಒಳ್ಳೆಯ ಉದ್ದೇಶವೇ. ಆದರೆ ಎರಡನೆಯದು ಗಂಡಾದರೆ ತಾಯಿಯ ಟೊಂಕ ನೋಯುವದಿಲ್ಲವೇ?

ಅವಳಿ ನಗರದ ಮಾತೂ ಬೇರೆಯಲ್ಲ. 2008ರಲ್ಲಿ ಕೆಲವು ವಾರ್ಡುಗಳಿಗೆ ಹಗಲಿರುಳು ನೀರು ಬಂತೆಂದು ದೇಶವೆಲ್ಲ ಹೊಗಳಿತು. ಉಳಿದ ಓಣಿಗಳ ಹೆಂಗಸರು ದಿನಗಟ್ಟಲೆ ಕಾದು ಒಂದೇ ಸಲ ಮನೆತುಂಬ ನೀರು ತುಂಬಿಕೊಳ್ಳುವದನ್ನು ನಾವು ಎಷ್ಟು ವರುಷ ನೋಡಿದೆವು! ಹದಿನೈದು ಲೀಟರಿನ ಕೊಡ ಎಂದರೆ ಹದಿನೈದು ಕಿಲೋ. ಬಾಣಂತಿಯೂ ಅದೇ ಸಾಲಿನಲ್ಲಿ ನಿಂತಿರುತ್ತಾಳೆ. ಪೇಟೆಯಲ್ಲಿ ಕಾಯಿಪಲ್ಲೆ ಮಾರುವವಳು ಮುಂಜಾನೆಯಿಂದ ಸಂಜೆಯವರೆಗೆ ಮೂತ್ರ ತಡೆದು ಕೂಡುತ್ತಾಳೆ, ತಡೆಯಬೇಕೆಂದು ನೀರನ್ನೇ ಕುಡಿಯುವದಿಲ್ಲ. ಹೆಂಗಸರ ಶೌಚಾಲಯವೂ ಹೊಗೆಯಿಲ್ಲದ ಒಲೆಯೂ ರಾಜಕೀಯದ ಪ್ರಶ್ನೆಗಳೆಂದು ಲೋಹಿಯಾ ಅವರು ಹೇಳಿದ್ದರು. ಅವರ ಭಾವಚಿತ್ರಕ್ಕೆ ಹಾರ ಹಾಕುವ ನಾವು ಎಷ್ಟು ಸಭೆಗಳಲ್ಲಿ ಹೆಂಗಸರಿಗೆ ಮರೆಯ ಜಾಗ ಮಾಡಿದ್ದೇವೆ?

ಸರಕಾರ ಏನೂ ಮಾಡಿಲ್ಲವೆಂದು ನಾವು ಹೇಳುವದಿಲ್ಲ. ಅದೇ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲಿ ಆಗುತ್ತವೆ. ಆಶಾ ಕಾರ್ಯಕರ್ತೆ 3, 7, 14, 21, 28, 42ನೆಯ ದಿನ ಮನೆಗೆ ಬಂದು ಕೂಸಿನ ತೂಕ, ತಾಯಿಯ ಜ್ವರ, ರಕ್ತಸ್ರಾವ ವಿಚಾರಿಸುತ್ತಾಳೆ. ತಕ್ಕ ಪಗಾರವಿಲ್ಲದೆ ಬೀದಿಗಿಳಿಯಬೇಕಾದ ಆ ಹೆಣ್ಣುಮಗಳೇ ಈ ವ್ಯವಸ್ಥೆಯ ಬೆನ್ನೆಲುಬು. ಆದರೆ 42ನೆಯ ದಿನಕ್ಕೆ ತಾಯಿಯ ಲೆಕ್ಕ ಮುಗಿಯಿತು. ಜೋಳಿಗೆ ಸಡಿಲಾದ ಬೇನೆ ಬಹಳ ಸಲ ಅದರ ನಂತರವೇ ತಲೆ ಎತ್ತುತ್ತದೆ. ಕೆಲವರಿಗೆ ವರುಷಗಳ ಮೇಲೆ, ಕೆಲವರಿಗೆ ಮುಟ್ಟು ನಿಂತ ಮೇಲೆ. ಆಗ ಕೇಳುವವರಾರು? 1989ರಲ್ಲಿ ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ರಾಣಿ ಬಂಗ್, ಅಭಯ ಬಂಗ್ ಎಂಬ ವೈದ್ಯ ದಂಪತಿಗಳು ಎರಡು ಹಳ್ಳಿಗಳ 650 ಹೆಂಗಸರನ್ನು ಪರೀಕ್ಷಿಸಿದ ವರದಿ ಪ್ರಕಟಿಸಿದರು. ನೂರಕ್ಕೆ 92 ಜನರಿಗೆ ಏನಾದರೊಂದು ಸ್ತ್ರೀರೋಗವಿತ್ತು. ಅದಕ್ಕೆ ಮುಂಚೆ ಇಂಥ ಪರೀಕ್ಷೆ ಆಗಿದ್ದದ್ದು ನೂರರಲ್ಲಿ 8 ಜನರಿಗೆ ಮಾತ್ರ.

ಹೆಣ್ಣಿನ ಗರ್ಭದ ದಾರಿ ಸರಕಾರಕ್ಕೆ ಗೊತ್ತಿಲ್ಲವೆಂದಲ್ಲ. ಮಕ್ಕಳಾಗದ ಆಪರೇಶನ್ನಿಗೆ ಆ ದಾರಿ ಚೆನ್ನಾಗಿ ಗೊತ್ತು. ಲಗ್ನವಾದ ಹೆಂಗಸರಲ್ಲಿ ನೂರಕ್ಕೆ 57 ಜನರಿಗೆ ಅದು ಆಗಿದೆ. ಗಂಡಸರ ಅಂಕಿ ಅದೇ ಸಮೀಕ್ಷೆಯಲ್ಲಿ ಸೊನ್ನೆ. ದಶಾಂಶದ ಮುಂದೆಯೂ ಸೊನ್ನೆ.

ಈ ನಿರ್ಲಕ್ಷ್ಯದ ಮೇಲೆಯೇ ಒಂದು ವ್ಯಾಪಾರ ಬೆಳೆದಿದೆ. ಬಿಳಿ ಸೆರಗಿಗೆ ಬಂದವಳಿಗೂ ಕತ್ತರಿ, ಟೊಂಕ ನೋವಿಗೂ ಕತ್ತರಿ. ಕಲಬುರ್ಗಿ ಜಿಲ್ಲೆಯಲ್ಲಿ ಲಂಬಾಣಿ, ದಲಿತ ಹೆಂಗಸರ ಗರ್ಭಚೀಲಗಳನ್ನು ಕಾರಣವಿಲ್ಲದೆ ತೆಗೆದ ಪ್ರಕರಣ 2015ರಲ್ಲಿ ಬೀದಿಗೆ ಬಂತು. ಎರಡು ಸಾವಿರಕ್ಕೂ ಹೆಚ್ಚು ಹೆಂಗಸರ ಮಾತು ಅದು. ಕರ್ನಾಟಕ ಜನಾರೋಗ್ಯ ಚಳುವಳಿಯವರು ಅವರ ಬೆನ್ನಿಗೆ ನಿಂತರು. ನಮ್ಮ ನೆರೆಯ ಹಾವೇರಿ ಜಿಲ್ಲೆಯ ರಾಣೇಬೆನ್ನೂರಿನಲ್ಲಿ ಸರಕಾರಿ ಆಸ್ಪತ್ರೆಯಲ್ಲಿಯೇ ಹೀಗಾಯಿತೆಂದು ತಾಂಡಾಗಳ ಹೆಂಗಸರು ದೂರಿದರು. 2022ರಲ್ಲಿ ಅವರು ಪರಿಹಾರ ಕೇಳುತ್ತ ಆಗಿನ ಮುಖ್ಯಮಂತ್ರಿಗಳ ಕ್ಷೇತ್ರವಾದ ಶಿಗ್ಗಾಂವಿಯತ್ತ ನಡೆದೇ ಹೊರಟರು. ನಡೆಯಲಾರದವರು ನಡೆದರು ಎಂಬದನ್ನು ಉಣಕಲ್ಲಿನಲ್ಲಿ ಮಾತಾಡಿದ ನಾವು ನೆನಪಿಡಬೇಕಾಗಿದೆ. ಮಹಾರಾಷ್ಟ್ರದ ಬೀಡ ಜಿಲ್ಲೆಯಿಂದ ಕಬ್ಬು ಕಡಿಯಲು ಹೋಗುವ ಹೆಂಗಸರ ಪೈಕಿ 2019ರ ಸಮಿತಿ 82 ಸಾವಿರಕ್ಕೂ ಹೆಚ್ಚು ಜನರನ್ನು ವಿಚಾರಿಸಿದಾಗ 13 ಸಾವಿರಕ್ಕೂ ಹೆಚ್ಚು ಜನರಿಗೆ ಗರ್ಭಚೀಲವಿರಲಿಲ್ಲ. ಆ ಟೋಳಿಗಳು ನಮ್ಮ ಬೆಳಗಾವಿಯ ಕಾರಖಾನೆಗಳ ಹೊಲಗಳಿಗೂ ಬರುತ್ತವೆ. ಒಂದು ದಿನ ಕೆಲಸ ತಪ್ಪಿದರೆ ಗುತ್ತಿಗೆದಾರ ದಂಡ ಹಾಕುತ್ತಾನೆ, ಮುಟ್ಟಿನ ಹೊಟ್ಟೆನೋವಿಗೂ ದಂಡವೇ. ಆದಕಾರಣ ಚೀಲವನ್ನೇ ತೆಗೆಸಿಬಿಡುವದು! ಇಡೀ ದೇಶದಲ್ಲಿ ಗರ್ಭಚೀಲ ತೆಗೆಸಿಕೊಂಡವರ ನಡುವಣ ವಯಸ್ಸು 2015-16ರ ಸಮೀಕ್ಷೆಯಲ್ಲಿ 34. ಮೂರರಲ್ಲಿ ಎರಡು ಪಾಲು ಖಾಸಗಿ ದವಾಖಾನೆಗಳಲ್ಲಿ.

ನಾವು ಶಸ್ತ್ರಕ್ರಿಯೆಯ ವೈರಿಗಳಲ್ಲ. ಕ್ಯಾನ್ಸರಿಗೆ, ನಿಲ್ಲದ ರಕ್ತಸ್ರಾವಕ್ಕೆ, ತೀರ ಜಾರಿದ ಗರ್ಭಕ್ಕೆ ಅದು ಜೀವ ಉಳಿಸುವ ಉಪಾಯ. ಆದರೆ ಜೋಳಿಗೆ ಹರಿದಾಗ ಒಳಗಿನ ಒಂದು ಸಾಮಾನು ತೆಗೆದು ಒಗೆದರೆ ಜೋಳಿಗೆ ಹೊಲಿದಂತಾಗಲಿಲ್ಲ. ಮೂತ್ರಚೀಲ, ಕರುಳು ಆಮೇಲೂ ಜಾರಬಹುದು. ಅಂಡಾಶಯವನ್ನೂ ತೆಗೆದರೆ ಮೂವತ್ತರ ಹೆಣ್ಣಿಗೆ ಐವತ್ತರ ಮೈ ಬರುತ್ತದೆ, ಎಲುಬು ಸವೆಯುತ್ತದೆ. ಈ ಮಾತನ್ನು ಕೊಯ್ಯುವ ಮುಂಚೆ ಯಾರು ಹೇಳುತ್ತಾರೆ?

ಕತ್ತರಿಯಲ್ಲದ ಉಪಾಯಗಳು ಇಲ್ಲವೇ? 1948ರಲ್ಲಿಯೇ ಅಮೇರಿಕದ ಕೆಗೆಲ್ ಎಂಬ ವೈದ್ಯ ಈ ಸ್ನಾಯುಗಳನ್ನು ಬಿಗಿಹಿಡಿದು ಸಡಿಲಿಸುವ ವ್ಯಾಯಾಮವನ್ನು ಬರೆದಿಟ್ಟ. ಮೂತ್ರ ತಡೆಯುವಾಗ ಬಿಗಿಯುವ ಸ್ನಾಯುವೇ ಅದು. ಹತ್ತು ಎಣಿಸುವವರೆಗೆ ಬಿಗಿಹಿಡಿದು ಬಿಡುವದು, ದಿನಕ್ಕೆ ಕೆಲವು ಸಲ, ಮೂರು ನಾಲ್ಕು ತಿಂಗಳು. ಸಾಮಾನು ಬೇಡ, ದುಡ್ಡು ಬೇಡ. ಸರಿಯಾಗಿ ಮಾಡುತ್ತಿದ್ದಾಳೋ ಇಲ್ಲವೋ ನೋಡಿ ಹೇಳುವವರು ಒಬ್ಬರು ಬೇಕು. ಜಾರಿದ ಗರ್ಭವನ್ನು ಎತ್ತಿಹಿಡಿಯಲು ಮೆತ್ತನೆಯ ಬಳೆಯೊಂದನ್ನು ಒಳಗೆ ಇಡುತ್ತಾರೆ, ಆಗಾಗ ತೆಗೆದು ತೊಳೆದರೆ ವರುಷಗಟ್ಟಲೆ ಸಾಗುತ್ತದೆ. ಫ್ರಾನ್ಸ ದೇಶದಲ್ಲಿ 1985ರಿಂದ ಹೆರಿಗೆಯ ನಂತರ ಈ ವ್ಯಾಯಾಮವನ್ನು ಕಲಿಸುವ ಖರ್ಚನ್ನು ಸಾರ್ವಜನಿಕ ವಿಮೆಯೇ ಕೊಡುತ್ತದೆ. ನಮ್ಮ ಆಯುಷ್ಮಾನ ಕಾರ್ಡು ಹಾಸಿಗೆ ಹಿಡಿದು ಕೊಯ್ಯಿಸಿಕೊಂಡರೆ ದುಡ್ಡು ಕೊಡುತ್ತದೆ. ನಡೆದು ಬಂದು ವ್ಯಾಯಾಮ ಕಲಿತು ಹೋಗುವವಳಿಗೆ ಇಲ್ಲ.

ಹೊರದೇಶವೇ ಯಾತಕ್ಕೆ? ಗರ್ಭವನ್ನು ತೆಗೆಯದೆಯೇ ಜೋಲಿ ಕಟ್ಟಿ ಮೇಲಕ್ಕೆತ್ತುವ ಶಸ್ತ್ರಕ್ರಿಯೆಯೊಂದನ್ನು ರೂಪಿಸಿದವರು, 1955ರಲ್ಲಿ ಗರ್ಭಕಂಠದ ಹೊಲಿಗೆಯಿಂದ ಜಗತ್ತಿಗೆಲ್ಲ ಹೆಸರಾದವರು, ಡಾಕ್ಟರ ವಿಠ್ಠಲ ನಾಗೇಶ ಶಿರೋಡಕರ. ಗೋವೆಯವರು, ಬಾಲ್ಯದಲ್ಲಿ ಶಾಲೆ ಕಲಿತದ್ದು ಹುಬ್ಬಳ್ಳಿಯಲ್ಲಿ. ಹುಬ್ಬಳ್ಳಿಯ ಮಣ್ಣಿನಲ್ಲಿ ಅಕ್ಷರ ತಿದ್ದಿದ ಕೈ ಗರ್ಭವನ್ನು ಉಳಿಸುವದು ಹೇಗೆಂದು ಜಗತ್ತಿಗೆ ಕಲಿಸಿತು. ನಮ್ಮ ಶಾಲೆಯ ಎಷ್ಟು ಮಾಸ್ತರರಿಗೆ ಇದು ಗೊತ್ತು? ನಮಗೂ ಇತ್ತಿತ್ತಲಾಗಿ ಗೊತ್ತಾಯಿತು.

2023ರ ಏಪ್ರಿಲ್ 5ರಂದು ಸುಪ್ರೀಮ್ ಕೋರ್ಟು, ಡಾಕ್ಟರ ನರೇಂದ್ರ ಗುಪ್ತಾ ಅವರ ಅರ್ಜಿಯ ಮೇಲೆ, ಅನಾವಶ್ಯಕ ಗರ್ಭಚೀಲ ಶಸ್ತ್ರಕ್ರಿಯೆ ತಡೆಯುವ ಕೇಂದ್ರದ ಮಾರ್ಗಸೂಚಿಗಳನ್ನು ಮೂರು ತಿಂಗಳಲ್ಲಿ ಜಾರಿಗೆ ತರಬೇಕೆಂದು ಎಲ್ಲ ರಾಜ್ಯಗಳಿಗೆ ಹೇಳಿತು. ನಿಗಾ ಸಮಿತಿಗಳಾಗಬೇಕು, ತಪ್ಪು ಮಾಡಿದ ಆಸ್ಪತ್ರೆಗಳ ಮೇಲೆ ಕ್ರಮವಾಗಬೇಕು ಎಂದಿತು. ಧಾರವಾಡ ಜಿಲ್ಲೆಯ ಸಮಿತಿಯಲ್ಲಿ ಯಾರಿದ್ದಾರೆ, ಎಷ್ಟು ಸಲ ಕೂಡಿದ್ದಾರೆ, ನಲವತ್ತರ ಒಳಗಿನ ಎಷ್ಟು ಹೆಂಗಸರ ಚೀಲ ತೆಗೆದ ಲೆಕ್ಕ ನೋಡಿದ್ದಾರೆ? ಪಂಚಾಯತಿಯ ಹಲಗೆಯ ಮೇಲೆ ಬರೆದು ಹಚ್ಚಲಿ. 1957ರಿಂದ ವೈದ್ಯ ಕಾಲೇಜಿರುವ ಊರಿದು. ವ್ಯಾಯಾಮ ಚಿಕಿತ್ಸೆ ಕಲಿಸುವ ಕಾಲೇಜುಗಳೂ ಅವಳಿ ನಗರದಲ್ಲಿವೆ. ಅಲ್ಲಿ ಕಲಿತವರನ್ನು ವಾರಕ್ಕೊಂದು ದಿನ ಕುಂದಗೋಳ, ಕಲಘಟಗಿ, ನವಲಗುಂದದ ಆಸ್ಪತ್ರೆಗಳಿಗೆ ಕಳಿಸಲು ಯಾವ ಬೆಟ್ಟ ಅಡ್ಡವಿದೆ? ಆ ಬಳೆ ಪ್ರತಿಯೊಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಿಗಬೇಕು. ಹೆರಿಗೆಯಾಗಿ ಆರು ವಾರಕ್ಕೆ, ಆಮೇಲೆ ವರುಷಕ್ಕೊಮ್ಮೆ, "ಮೈ ಹೊರಗೆ ಬರುತ್ತದೆಯೇ, ಮೂತ್ರ ಹನಿಯುತ್ತದೆಯೇ" ಎಂದು ಕೇಳುವ ಕೆಲಸ ಆಶಾ ಕಾರ್ಯಕರ್ತೆಗೆ ಬೇಕು, ಕೇಳಿದ್ದಕ್ಕೆ ಆಕೆಗೆ ಕೂಲಿಯೂ ಬೇಕು. ಎಲ್ಲಕ್ಕೂ ಮೊದಲು, ಹೊಲದವಳಿಗೂ ಇಟ್ಟಿಗೆಯವಳಿಗೂ ಪ್ರತಿ ಹೆರಿಗೆಗೆ ಆರು ತಿಂಗಳ ಕನಿಷ್ಠ ಕೂಲಿಯನ್ನು ಸರಕಾರವೇ ಕೊಡಬೇಕು. ದುಡ್ಡೆಲ್ಲಿದೆ ಎಂದು ಕೇಳುವವರು, ಕತ್ತರಿಗೆ ಕೊಡುವ ದುಡ್ಡು ಎಲ್ಲಿಂದ ಬಂತೆಂದು ಮೊದಲು ಹೇಳಲಿ.

ಕುಂದಗೋಳದ ಆ ಹೆಣ್ಣುಮಗಳ ಮನೆಗೆ ಹೋಗಿ ನಾವು ತಪ್ಪು ಒಪ್ಪಿಕೊಂಡೆವು. "ಹೋಗ್ಲಿ ಬಿಡ್ರಿ ಸರ, ನಿಮಗರ ಹೆಂಗ ಗೊತ್ತಾಗಬೇಕು" ಎಂದಳು. ಆ ಮಾತು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಈಗ ಬಳೆ ಹಾಕಿಸಿಕೊಂಡಿದ್ದಾಳೆ, ಚೀಲ ತೆಗೆಸಿಲ್ಲ, ವ್ಯಾಯಾಮ ಮಾಡುತ್ತಿದ್ದಾಳೆ. ಭಾರ ಹೊರುವದನ್ನು ಬಿಡು ಎಂದು ಡಾಕ್ಟರು ಹೇಳಿದ್ದಾರೆ. ಬಿಟ್ಟರೆ ದಿನದ ಕೂಲಿ ಹೋಗುತ್ತದೆ, ಆದ್ದರಿಂದ ಅರ್ಧ ಚೀಲ ಹೊರುತ್ತಾಳೆ.

ಮೇಲಿನ ಬೇಡಿಕೆಗಳ ಅರ್ಜಿ ತಾಲೂಕು ಕಚೇರಿಗಳಲ್ಲಿ ಇದೆ. ಹೆಬ್ಬೆಟ್ಟೂ ನಡೆಯುತ್ತದೆ. ಸಹಿ ಹಾಕಲು ಬಂದವಳನ್ನು "ನಿನಗೆ ಈ ಬೇನೆ ಇದೆಯೇ" ಎಂದು ಯಾರೂ ಕೇಳಕೂಡದು. ಅರ್ಜಿಯ ಸಭೆಗಳಲ್ಲಿ ಮೊದಲಿನ ಒಂದು ತಾಸು ಗಂಡು ಸಂಗಾತಿಗಳು ಹೊರಗೆ ಕೂಸುಗಳನ್ನು ಆಡಿಸುತ್ತ ಕುಳಿತಿರಬೇಕು, ಕೊಡಗಳನ್ನೂ ಅವರೇ ತುಂಬಿ ತರಬೇಕು.